ಕಂಬಳಿಯ ಮೇಲೆ ಕೂತ ಕಂಪ್ಯೂಟರ್

ಸೊನ್ನೆ ಕೊಟ್ಟರೆ ನಾಲ್ಕು ಹೇಳುತ್ತಿತ್ತು. ಒಂದು ಕೊಟ್ಟರೆ ಐದು. ನಾಲ್ಕು ಕೊಟ್ಟಾಗ ಮಾತ್ರ ಸರಿಯಾಗಿ ನಾಲ್ಕೇ ಹೇಳಿ, ತನ್ನಷ್ಟು ಸಾಚಾ ಇನ್ನೊಬ್ಬರಿಲ್ಲ ಎನ್ನುವ ಹಾಗೆ ಕೆಂಪಗೆ ಬೆಳಗುತ್ತಾ ಕೂತಿರುತ್ತಿತ್ತು. ಎರಡು ದಿನ ಚೆನ್ನಾಗಿಯೇ ಇದ್ದ ಯಂತ್ರ ಮೂರನೆಯ ದಿನ ಹೀಗೆ ಅಡ್ಡಾದಿಡ್ಡಿ ಮಾತಾಡಲು ಶುರುಮಾಡಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನನಗೆ ಸಿಟ್ಟು ಸ್ವಲ್ಪ ಬೇಗ ಬರುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ನಾನಾಗ ನಾರಾಯಣಖೇಡದ ಕಾಲೇಜಿನಲ್ಲಿ ಪ್ರಯೋಗಶಾಲೆಯ ಸಹಾಯಕ. ಕಲ್ಹೇರ್ ರಸ್ತೆಯ ನಮ್ಮ ಊರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಕಾಲೇಜಿಗೆ ಬರುತ್ತಿದ್ದ ಒಂದು ಪತ್ರಿಕೆಯಲ್ಲಿ ಕಂಪ್ಯೂಟರಿನ ನಕ್ಷೆ ಅಚ್ಚಾಗಿತ್ತು. ಅದನ್ನು ನೋಡಿಕೊಂಡು, ಹೈದರಾಬಾದಿನಿಂದ ಒಂದೊಂದೇ ಸಾಮಾನು ತಂದು, ಹೆಚ್ಚುಕಡಿಮೆ ಒಂದು ವರ್ಷ ತಿಣುಕಿ ಕಟ್ಟಿದ್ದೆ. ಟೀವಿಯಂಥ ಪರದೆ ಏನೂ ಇಲ್ಲ. ಒತ್ತುವ ಗುಂಡಿಗಳ ಒಂದು ಮಣೆ, ಆರು ಕೆಂಪು ಅಂಕಿಗಳು, ಮಧ್ಯೆ ಹಸಿರು ಬೋರ್ಡಿನ ತುಂಬ ಐಸಿಗಳು, ಅಂದರೆ ಸಾಲುಗಾಲಿನ ಪುಟ್ಟ ಕಪ್ಪು ಚಿಪ್ಪುಗಳು. ನೋಡಿದವರೆಲ್ಲ ಇದು ರೇಡಿಯೋ ಆದರೆ ಹಾಡು ಎಲ್ಲಿ ಎಂದು ಕೇಳುತ್ತಿದ್ದರು.

ಅಪ್ಪ ಕೇಳಲಿಲ್ಲ. ಅಪ್ಪ ಕುರಿ ಸಾಕುವವನು. ಅವನ ಹೆಗಲ ಮೇಲೆ ಕರಿ ಕಂಬಳಿ ಯಾವಾಗಲೂ ಇರುತ್ತಿತ್ತು. ಸೆಕೆಗಾಲದಲ್ಲಿಯೂ, ಮದುವೆಯ ಮನೆಯಲ್ಲಿಯೂ, ತಹಶೀಲ್ದಾರರ ಕಚೇರಿಯಲ್ಲಿಯೂ. ಅದನ್ನು ಇಳಿಸಿ ನಿಲ್ಲುವುದೆಂದರೆ ನಮ್ಮವರಲ್ಲಿ ತಲೆ ತಗ್ಗಿಸಿದ ಹಾಗೆ. ನಮ್ಮಲ್ಲಿ ಒಳ್ಳೆಯ ಕೆಲಸ ಏನು ಶುರುವಾಗುವುದಿದ್ದರೂ ಮೊದಲು ನೆಲದ ಮೇಲೆ ಕಂಬಳಿ ಹಾಸಬೇಕು. ದೇವರು ಕೂರುವುದೂ ಅದರ ಮೇಲೆ, ಮದುಮಕ್ಕಳು ಕೂರುವುದೂ ಅದರ ಮೇಲೆ. ನಾನು ಯಂತ್ರವನ್ನು ಮನೆಗೆ ತಂದ ದಿನ ಅಪ್ಪ ಒಳಗೆ ಹೋಗಿ, ತಾನೇ ನೇಯ್ದು ಎತ್ತಿಟ್ಟಿದ್ದ ಹೊಸ ಕಂಬಳಿಯನ್ನು ತಂದು ಪಡಸಾಲೆಯಲ್ಲಿ ನೀಟಾಗಿ ಹಾಸಿದ. ಯಂತ್ರ ಅದರ ಮೇಲೆ ಕೂತಿತು, ಎದುರಿಗೆ ಅದರ ಮೇಲೆಯೇ ನಾನು ಕೂತೆ. ಮೆತ್ತಗಿತ್ತು, ಕೆಳಗೆ ಬಿದ್ದ ಸಣ್ಣ ಸಾಮಾನು ಉರುಳಿ ಹೋಗುತ್ತಿರಲಿಲ್ಲ. ನನಗೂ ಬಹಳ ಹಿಡಿಸಿತು.

ನಾನು ಕುರಿಯ ಹಿಂದೆ ಹೋಗದೆ ಶಾಲೆಗೆ ಹೋದದ್ದಕ್ಕೆ ಅಪ್ಪ ಬಂಧುಗಳಿಂದ ಬಹಳ ಮಾತು ಕೇಳಿದ್ದ. ಮಗನನ್ನು ಹಾಳುಮಾಡಿದೆ ಎಂದು ಮುಖದ ಮೇಲೇ ಹೇಳಿದವರಿದ್ದರು. ಹಾಗಾಗಿ ಆ ಯಂತ್ರ ನಡೆಯುವುದನ್ನು ಊರಿಗೆಲ್ಲ ತೋರಿಸುವ ಆಸೆ ನನಗಿರಲಿಲ್ಲ, ಅಪ್ಪ ಒಬ್ಬ ನೋಡಿದರೆ ಸಾಕಿತ್ತು. ಯಂತ್ರ ಚೆನ್ನಾಗಿದ್ದ ಎರಡು ದಿನ ಅವನು ಹಿಂಡಿನ ಜೊತೆ ಹೊಲದಲ್ಲಿದ್ದ. ಎಳ್ಳಮಾವಾಸ್ಯೆ ಮುಗಿದ ಮೇಲೆ ಕುರಿ ಹೊಡೆದುಕೊಂಡು ಮಂಜೀರಾ ದಂಡೆಗೆ ಹೋದರೆ ಮತ್ತೆ ಬರುವುದು ಮಳೆಗಾಲದ ಹೊತ್ತಿಗೆ. ಹೋಗುವುದರೊಳಗೆ ಒಮ್ಮೆ ನೋಡಿ ಹೋಗುತ್ತೇನೆ ಎಂದಿದ್ದ. ಅಮಾವಾಸ್ಯೆಗೆ ಮೂರು ವಾರ ಇತ್ತು.

ಸಿಟ್ಟು ಇಳಿದ ಮೇಲೆ ಕುತೂಹಲ ಹತ್ತಿತು. ಯಂತ್ರದ ನೆನಪು ಇರುವುದು ಎಂಟು ಐಸಿಗಳಲ್ಲಿ. ಅವು ಜೋಡಿಯಾಗಿ ಕೆಲಸ ಮಾಡುತ್ತವೆ. ಎರಡು ಅಂಕಿಯ ಸಂಖ್ಯೆಯನ್ನು ಕೊಟ್ಟರೆ ಎಡಗಡೆಯ ಅಂಕಿಯನ್ನು ಒಂದು ಐಸಿ ಇಟ್ಟುಕೊಳ್ಳುತ್ತದೆ, ಬಲಗಡೆಯದನ್ನು ಇನ್ನೊಂದು. ಮೊದಲ ಮೂರು ಜೋಡಿಗಳು ಕೊಟ್ಟದ್ದನ್ನು ಕೊಟ್ಟ ಹಾಗೆ ವಾಪಸು ಹೇಳಿದವು. ನಾಲ್ಕನೆಯದರಲ್ಲಿ ಬಲಗಡೆಯ ಅಂಕಿ ತಪ್ಪುತ್ತಿತ್ತು. ಆದರೆ ತಪ್ಪು ಐಸಿಯದೋ, ಅದಕ್ಕೆ ಹೋಗುವ ತಂತಿಯದೋ? ವಿದ್ಯುತ್ ತೆಗೆದು, ಆ ಜೋಡಿಯ ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಕೂರಿಸಿದೆ. ಈಗ ಎಡಗಡೆಯ ಅಂಕಿ ತಪ್ಪತೊಡಗಿತು. ತಪ್ಪು ಐಸಿಯ ಬೆನ್ನಿಗೇ ಹೋಗಿತ್ತು, ಅಂದರೆ ತಂತಿಯದೇನೂ ಪಾಪವಿಲ್ಲ.

ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಏನು ಮಾಡಿದೆ ಎಂದು ಕೇಳಿದ, ಹೇಳಿದೆ. ಅವನಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ.

"ಮರಿ ಸೊರಗಿದ್ರ ನಾವೂ ಹಂಗೇ ಮಾಡ್ತೀವಿ," ಎಂದ. "ಬ್ಯಾರೆ ತಾಯಿಗಿ ಬಿಟ್ಟು ನೋಡೋದು. ಅಲ್ಲಿ ಕುಡದು ಚಂದ ಆತು ಅಂದ್ರ ತಾಯಿದು ತಪ್ಪು. ಅಲ್ಲಿಬಿ ಸೊರಗಿತು ಅಂದ್ರ ಮರಿದೇ ತಪ್ಪು."

ಒಂದು ವರ್ಷ ಇಂಗ್ಲಿಷ್ ಪತ್ರಿಕೆ ಓದಿ ನಾನು ಕಲಿತದ್ದು ಅವನಿಗೆ ಕುರಿದೊಡ್ಡಿಯಲ್ಲೇ ಗೊತ್ತಿತ್ತು. ನನಗೆ ನಗು ಬಂತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು.

ಹೈದರಾಬಾದಿಗೆ ಹೋಗಿ ಅದೇ ಐಸಿ ಮೂರು ತಂದೆ. ಅಂಗಡಿಯವನು ಅವುಗಳ ಕಾಲುಗಳನ್ನು ಕಪ್ಪು ಸ್ಪಂಜಿನ ತುಂಡುಗಳಿಗೆ ಚುಚ್ಚಿ ಕೊಟ್ಟು, ಬೋರ್ಡಿಗೆ ಹಾಕುವವರೆಗೆ ಇದರಿಂದ ತೆಗೆಯಬೇಡಿ ಎಂದ. ಅಂಗಡಿಯವರ ಉಪದೇಶ ಎಂದು ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಆ ಸ್ಪಂಜು ಮುಟ್ಟಿದರೆ ಉದುರುತ್ತಿತ್ತು. ನಮ್ಮ ಬಸ್ಸಿನ ಕುಲುಕಾಟಕ್ಕೆ ಐಸಿಯ ಕಾಲು ಸೊಟ್ಟಗಾದೀತು ಎಂದು ನಾನು ಮನೆಯಿಂದಲೇ ಒಂದು ಹಿಡಿ ಹಿಂಜಿದ ಉಣ್ಣೆ ತೆಗೆದುಕೊಂಡು ಹೋಗಿದ್ದೆ. ಎರಡನ್ನು ಸ್ಪಂಜಿನಿಂದ ಬಿಡಿಸಿ, ಆ ಉಣ್ಣೆಯಲ್ಲಿ ಎಳೆಕೂಸಿನಂತೆ ಸುತ್ತಿ ಜೇಬಿನಲ್ಲಿಟ್ಟುಕೊಂಡೆ. ಮೂರನೆಯದನ್ನು ಬೇಸರವಾಗಿ ಹಾಗೇ ಸ್ಪಂಜಿನಲ್ಲೇ ಬಿಟ್ಟು ಚೀಲಕ್ಕೆ ಹಾಕಿದೆ.

ಹೊಸ ಐಸಿ ಹಾಕಿದೆ. ಸೊನ್ನೆ ಕೊಟ್ಟರೆ ಎಂಟು ಬಂತು. ಇನ್ನೊಂದನ್ನು ಹಾಕಿದೆ. ಏನು ಕೊಟ್ಟರೂ ಒಂದೇ ಉತ್ತರ. ಜೊತೆಗೆ ಇದುವರೆಗೆ ಸರಿಯಾಗಿದ್ದ ಎರಡನೆಯ ಜೋಡಿಯಲ್ಲೂ ಒಂದು ಐಸಿ ತೊದಲತೊಡಗಿತು.

ಆಗ ನಾನು ಮಾಡಿದ ಕೆಲಸ ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ನಾರಾಯಣಖೇಡದ ಬಸ್ ನಿಲ್ದಾಣದ ಹತ್ತಿರ ರೇಡಿಯೋ ರಿಪೇರಿ ಮಾಡುವ ಒಬ್ಬ ಹಿರಿಯರಿದ್ದರು. ನಾನು ಚಾಚಾ ಎನ್ನುತ್ತಿದ್ದೆ. ಬೆಸುಗೆ ಹಾಕುವುದನ್ನು ಕಲಿಸಿದ್ದು ಅವರೇ, ಯಂತ್ರಕ್ಕೆ ಐದು ವೋಲ್ಟ್ ಕೊಡುವ ಡಬ್ಬಿಯನ್ನು ಕಟ್ಟಿಕೊಟ್ಟಿದ್ದೂ ಅವರೇ. ಸೀದಾ ಅವರ ಅಂಗಡಿಗೆ ಹೋಗಿ, ನಿಮ್ಮ ಡಬ್ಬಿಯೇ ನನ್ನ ಐಸಿಗಳನ್ನು ಸುಡುತ್ತಿದೆ ಎಂದು ನಾಲ್ಕು ಜನರ ಮುಂದೆ ಅಂದುಬಿಟ್ಟೆ. ಆ ಶುಕ್ರವಾರ ಚಾಚಾ ನಮಾಜು ಮುಗಿಸಿ, ಅಂಗಡಿ ತೆರೆಯದೆ, ಮೀಟರು ಹಿಡಿದು ಬಸ್ಸಿನಲ್ಲಿ ನಮ್ಮ ಊರಿಗೆ ಬಂದರು. ಗಂಟೆಗಟ್ಟಲೆ ಕೂತು ನೋಡಿದರು. ಮೀಟರಿನ ಮುಳ್ಳು ಐದರಿಂದ ಕೂದಲೆಳೆಯಷ್ಟೂ ಅಲುಗಲಿಲ್ಲ. ನಾನು ಅವರ ಕೈ ಹಿಡಿದು ತಪ್ಪಾಯಿತು ಎಂದೆ. ಅವರು ಮೀಟರಿನ ತಂತಿ ಸುತ್ತುತ್ತಾ, ಉಳಿದ ಐಸಿಯನ್ನು ಮುಟ್ಟಬೇಡ, ಹಾಗೇ ನನಗೆ ಕೊಡು ಎಂದರು. ಅದನ್ನು ಸ್ಪಂಜಿನ ಸಮೇತ ಒಯ್ದು ತಮ್ಮ ಮೇಜಿನ ಡ್ರಾಯರಿನಲ್ಲಿಟ್ಟರು.

ತೊದಲುತ್ತಿದ್ದ ಎರಡನೆಯ ಜೋಡಿಯನ್ನು ತೆಗೆದುಹಾಕಿದೆ. ಅದಿಲ್ಲದೆಯೂ ಯಂತ್ರ ನಡೆಯುತ್ತಿತ್ತು, ನೆನಪು ಮಾತ್ರ ಸ್ವಲ್ಪ ಕಡಿಮೆ. ಅದರಲ್ಲಿ ಚೆನ್ನಾಗಿದ್ದ ಒಂದನ್ನು ನಾಲ್ಕನೆಯ ಜೋಡಿಗೆ ಹಾಕಿ ಯಂತ್ರವನ್ನು ಚಾಚಾನ ಅಂಗಡಿಗೇ ಒಯ್ದೆ. ಅಲ್ಲಿ ಮರದ ಮೇಜಿನ ಮೇಲೆ ಎರಡು ದಿನ ಒಂದು ತಪ್ಪೂ ಮಾಡದೆ ನಡೆಯಿತು. ಕುಣಿದುಕೊಂಡು ಮನೆಗೆ ತಂದೆ. ಹೋಗುವಾಗ ಬಸ್ಸಿನ ಕುಲುಕಾಟಕ್ಕೆ ಒಂದೆರಡು ಸಡಿಲಾಗಿದ್ದವು, ಬರುವಾಗ ಕಳಚಿ ಬಿದ್ದಾವು ಎಂದು ಐಸಿಗಳನ್ನೆಲ್ಲ ಬಿಡಿಸಿ ಮತ್ತೆ ಉಣ್ಣೆಯಲ್ಲಿ ಸುತ್ತಿದ್ದೆ. ಮನೆಯಲ್ಲಿ ಕಂಬಳಿಯ ಮೇಲೆ ಕೂತು ಜೋಡಿಸಿದೆ. ಸೊನ್ನೆಗೆ ನಾಲ್ಕು. ನಾಲ್ಕನೆಯ ಜೋಡಿಯಲ್ಲಿ ಮತ್ತೆ ಒಂದು ಹೋಗಿತ್ತು.

ಈಗ ನನಗೆ ಸಿಟ್ಟು ಬರಲಿಲ್ಲ. ಅಂಗಡಿಯಲ್ಲಿ ಬದುಕುವುದು ಮನೆಯಲ್ಲಿ ಸಾಯುತ್ತದೆ ಅಂದರೆ, ಮನೆಯಲ್ಲಿ ಏನೋ ಇದೆ. ಏನು? ಅಮಾವಾಸ್ಯೆಗೆ ಏಳು ದಿನ ಉಳಿದಿತ್ತು.

ಮರುದಿನ ಮಧ್ಯಾಹ್ನ ಅಪ್ಪ ಕಸ ಕೊಡವಲೆಂದು ಯಂತ್ರವನ್ನು ಪಕ್ಕಕ್ಕೆ ಸರಿಸಿ ಕಂಬಳಿಯನ್ನು ಎಳೆದ. ನಾನು ಅದರ ಮೇಲಿಂದ ಎದ್ದು ಗೋಡೆಯ ಬದಿಯ ಕಬ್ಬಿಣದ ಟ್ರಂಕಿಗೆ ಕೈ ಊರಿದೆ. ಬೆರಳ ತುದಿಗೆ ಚಟ್ ಎಂದು ಹೊಡೆಯಿತು. ಇದೇನು ಹೊಸದಲ್ಲ. ಚಳಿಗಾಲದ ಒಣ ಹವೆಯಲ್ಲಿ ಕಂಬಳಿ ಹೊದ್ದು ಬೆಳೆದ ನಮಗೆ ಅದು ಸೊಳ್ಳೆ ಕಡಿದಷ್ಟೇ ಮಾಮೂಲು. ಅದಕ್ಕೇ ಇರಬೇಕು, ಇಷ್ಟು ದಿನ ಅದು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ಕಂಬಳಿಗೆ ಮೈ ಉಜ್ಜಿ ಟ್ರಂಕನ್ನು ಮತ್ತೆ ಮುಟ್ಟಿದೆ, ಮತ್ತೆ ಚಟ್.

ಹಳೆಯ ಕಂಬಳಿಯೊಂದನ್ನು ಬಗಲಲ್ಲಿ ಇಟ್ಟುಕೊಂಡು ಚಾಚಾನ ಹತ್ತಿರ ಓಡಿದೆ. ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ, ರಬ್ಬರ್ ಚಪ್ಪಲಿ ಹಾಕಿಕೊಂಡು, ಹೊದ್ದ ಕಂಬಳಿಯನ್ನು ಸರಕ್ಕನೆ ಎಳೆದೆ. ಚಾಚಾ ಕರೆಂಟು ನೋಡುವ ಟೆಸ್ಟರನ್ನು ಹಿಡಿದು ಅದರ ತುದಿಯನ್ನು ನನ್ನ ಬೆರಳ ಹತ್ತಿರ ತಂದರು. ಅದರೊಳಗಿನ ಪುಟ್ಟ ದೀಪ ಒಂದು ಸಲ ಮಿಂಚಿ ಆರಿತು. ಮತ್ತೆ ಮಾಡಿದೆವು, ಮತ್ತೆ ಮಿಂಚಿತು. ಇಬ್ಬರೂ ಮಕ್ಕಳ ಹಾಗೆ ಹತ್ತು ಹದಿನೈದು ಸಲ ಮಾಡಿದೆವು.

"ವಯರ್ ಇಲ್ಲ, ಕರೆಂಟ್ ಇಲ್ಲ, ದೀಪ ಹತ್ಲತದ ನೋಡು ಬೇಟಾ," ಎಂದರು ಚಾಚಾ. "ಇಷ್ಟು ದೊಡ್ಡ ಮನಷಾಗೇ ಚುಚ್ತದ ಅಂದ್ರ, ಆ ಐಸಿ ಬಿಚಾರಿ ಏನ್ ತಡೀತದ?"

ಸ್ಪಂಜು ಯಾಕೆ ಎಂಬುದು ಆಗ ತಲೆಗೆ ಹೊಳೆಯಿತು. ಕಿಡಿ ಒಂದೇ ಕಾಲಿಗೆ ಬಡಿಯದಂತೆ ಅದು ಐಸಿಯ ಕಾಲುಗಳನ್ನೆಲ್ಲ ಒಂದಕ್ಕೊಂದು ಸೇರಿಸಿ ಕಾಯುತ್ತಿತ್ತು. ನಾನು ಅದನ್ನು ಕಿತ್ತೆಸೆದು ಪ್ರೀತಿಯಿಂದ ಉಣ್ಣೆಯಲ್ಲಿ ಸುತ್ತಿ ಕೊಂದಿದ್ದೆ. ಕುರಿಗಾರರ ಮನೆಯವನಲ್ಲದೆ ಇನ್ನಾರಿಗೂ ಈ ಬುದ್ಧಿ ಬರುತ್ತಿರಲಿಲ್ಲ. ಚಾಚಾ ಉಪಾಯ ಹೇಳಿದರು. ಕಂಬಳಿ ತೆಗೆದು ಬರಿಯ ಕಲ್ಲಿನ ಮೇಲೆ ಕೂರಬೇಕು, ಮೈಯಲ್ಲಿ ಸೇರಿದ ಕರೆಂಟು ನೆಲಕ್ಕಿಳಿಯಲೆಂದು ಹಸಿ ನೆಲದಲ್ಲಿ ಕಬ್ಬಿಣದ ಗೂಟ ಹೊಡೆಯಬೇಕು, ಐಸಿ ಮುಟ್ಟುವಾಗ ಗೂಟದಿಂದ ಒಂದು ತಂತಿ ತಂದು ಮುಂಗೈಗೆ ಕಟ್ಟಿಕೊಳ್ಳಬೇಕು. ಡ್ರಾಯರಿನಿಂದ ಕೊನೆಯ ಐಸಿಯನ್ನು ಸ್ಪಂಜಿನ ಸಮೇತ ಕೈಯಲ್ಲಿಟ್ಟರು.

ಐಸಿ ಸಿಕ್ಕಿತು, ಉಪಾಯವೂ ಸಿಕ್ಕಿತು. ಕಂಬಳಿ ತೆಗೆ ಎಂದು ಅಪ್ಪನಿಗೆ ಹೇಳುವುದು ಹೇಗೆ? ಅವನು ತನ್ನ ಕೈಯಾರೆ ನೇಯ್ದು, ಒಳ್ಳೆಯದಾಗಲಿ ಎಂದು ಹಾಸಿದ್ದು. ನಿನ್ನ ಕಂಬಳಿಯಿಂದಲೇ ಕೆಟ್ಟಿತು ಎನ್ನುವ ಮಾತು ಬಾಯಿಗೆ ಬರುತ್ತಿರಲಿಲ್ಲ. ಹೇಳದೆ ಸುಮ್ಮನೆ ಸರಿಸಿದರೆ ಅದು ಇನ್ನೂ ದೊಡ್ಡ ಅವಮಾನ. ಎರಡು ದಿನ ಉಗುಳು ನುಂಗಿಕೊಂಡು ತಿರುಗಾಡಿ, ಮೂರನೆಯ ದಿನ ಸಂಜೆ ಕುರಿದೊಡ್ಡಿಯಲ್ಲಿ ಎಲ್ಲವನ್ನೂ ಹೇಳಿದೆ. ಚಟ್ ಎಂದದ್ದು, ಟೆಸ್ಟರಿನ ದೀಪ, ಗೂಟ, ಎಲ್ಲ.

ಅಪ್ಪ ಒಂದು ಮರಿಯ ಗೊರಸು ನೋಡುತ್ತಿದ್ದವನು ತಲೆ ಎತ್ತಲಿಲ್ಲ.

"ಚಳಿಗಾಲದಾಗ ಕಂಬಳಿ ಕಿಡಿ ಹಾರಸ್ತದ. ಅದು ನಮ್ಮ ಮುತ್ಯಾಗೂ ಗೊತ್ತಿತ್ತು," ಎಂದ. "ನೀ ಒಮ್ಮಿ ಕೇಳಿದ್ರ ಹೇಳ್ತಿದ್ದೆ ತಮ್ಮಾ."

ಅಷ್ಟೇ. ಮರಿಯನ್ನು ಕೆಳಗೆ ಬಿಟ್ಟು, ಮನೆಗೆ ಬಂದು, ಯಂತ್ರದ ಕೆಳಗಿನ ಕಂಬಳಿಯನ್ನು ತೆಗೆದು ಮಡಿಸಿ ಒಳಗಿಟ್ಟು, ಊಟ ಮಾಡದೆ ಕುರಿದೊಡ್ಡಿಗೆ ಹೊರಟುಹೋದ. ಇನ್ನು ಅವನು ಈ ಯಂತ್ರದ ಮುಖ ನೋಡುವುದಿಲ್ಲ ಎಂದುಕೊಂಡೆ.

ಬೆಳಿಗ್ಗೆ ಎದ್ದು ನೋಡಿದರೆ ಹೊಸ್ತಿಲ ಪಕ್ಕದ ನೆಲದಲ್ಲಿ ಕಬ್ಬಿಣದ ಗೂಟವೊಂದು ನಿಂತಿತ್ತು. ಟಗರು ಕಟ್ಟುವ ಗೂಟ. ಸುತ್ತಲಿನ ಮಣ್ಣಿಗೆ ಆಗಷ್ಟೇ ನೀರು ಸುರಿದ ಗುರುತಿತ್ತು. ಅಪ್ಪ ಎಲ್ಲಿಯೂ ಕಾಣಲಿಲ್ಲ.

ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದ ತಾಂಡೂರು ಚಪ್ಪಡಿ ಕಲ್ಲನ್ನು ತೊಳೆದು ಒಳಗೆ ತಂದು ಹಾಕಿದೆ. ಮುಂಗೈಗೆ ತಂತಿ ಕಟ್ಟಿಕೊಂಡು, ಟಗರಿನ ಹಾಗೆ ಗೂಟಕ್ಕೆ ಕಟ್ಟಿಸಿಕೊಂಡು, ಕೊನೆಯ ಐಸಿಯನ್ನು ಸ್ಪಂಜಿನಿಂದ ಬಿಡಿಸಿ ಅದರ ಜಾಗದಲ್ಲಿ ಒತ್ತಿದೆ. ಸೊನ್ನೆಗೆ ಸೊನ್ನೆ. ಒಂದಕ್ಕೆ ಒಂದು. ಸಂಜೆಯವರೆಗೆ ಕೊಟ್ಟದ್ದನ್ನೇ ಕೊಟ್ಟಿತು. ಮರುದಿನವೂ ಕೊಟ್ಟಿತು.

ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಸೊಪ್ಪು-ಕಾಳಿನ ಭಜ್ಜಿ, ಅಂಬಲಿ ಉಂಡು ಎಲ್ಲರೂ ಮನೆಗೆ ಬಂದರು. ಬಂಧುಗಳು ಐದಾರು ಮಂದಿ ಅಂಗಳದಲ್ಲಿ ಕೂತಿದ್ದರು. ನಾನು ಕರೆಯಲೋ ಬೇಡವೋ ಎಂದು ನೋಡುತ್ತಿರುವಾಗ ಅಪ್ಪ ತಾನೇ ಎದ್ದು ಬಂದ. ಹೊಸ್ತಿಲ ಹತ್ತಿರ ನಿಂತ. ಎಲ್ಲರೂ ನೋಡುತ್ತಿರುವಂತೆಯೇ ಹೆಗಲ ಮೇಲಿನ ಕಂಬಳಿಯನ್ನು ಇಳಿಸಿ, ಮಡಿಸಿ, ಹೊರಗಿನ ಕಟ್ಟೆಯ ಮೇಲಿಟ್ಟ. ಬಗ್ಗಿ ಗೂಟವನ್ನು ಒಮ್ಮೆ ಮುಟ್ಟಿದ. ಬರಿಯ ಹೆಗಲಲ್ಲಿ ಒಳಗೆ ಬಂದು ಕಲ್ಲಿನ ಎದುರು ಕೂತ.

ಏನಾದರೂ ಒಂದು ಸಂಖ್ಯೆ ಕೊಡು, ನೆನಪಿಟ್ಟುಕೊಳ್ಳುತ್ತದೆ ಎಂದೆ. ಯಾವ ಗುಂಡಿ ಯಾವುದು ಎಂದು ತೋರಿಸಿದೆ. ಅವನು ನನ್ನ ಕಡೆ ನೋಡಿದ, ನಾನು ಮುಖ ತಿರುಗಿಸಿಕೊಂಡೆ. ತನ್ನ ಕುರಿ ಎಷ್ಟು ಎಂಬುದನ್ನು ಕುರಿಗಾರ ಬಾಯಿಬಿಟ್ಟು ಯಾರಿಗೂ ಹೇಳುವುದಿಲ್ಲ, ಮಗನಿಗೂ ಹೇಳುವುದಿಲ್ಲ. ಗುಂಡಿ ಒತ್ತಿದ ಸದ್ದು ನಿಧಾನವಾಗಿ ಕೇಳಿತು. ಆಮೇಲೆ ಚಹಾ ಬಂತು, ಕುಡಿದ. ಕಪ್ಪು-ಬಸಿ ಕೆಳಗಿಟ್ಟು, ನಾನು ಹೇಳಿಕೊಟ್ಟ ಗುಂಡಿಯನ್ನು ತಾನೇ ಒತ್ತಿ, ಬಹಳ ಹೊತ್ತು ಕೆಂಪು ಅಂಕಿಗಳನ್ನು ನೋಡಿದ.

"ಬರಾಬರ್ ಅದ," ಎಂದ.

ಆರಿಸಿದರೆ ಇದು ಮರೆಯುತ್ತದೋ ಎಂದು ಕೇಳಿದ. ಪೂರಾ ಮರೆಯುತ್ತದೆ ಎಂದೆ. ಹಾಗಾದರೆ ಆರಿಸು ಎಂದ. ನಾನು ಅಂಕಿಗಳ ಕಡೆ ನೋಡದೆ ಆರಿಸಿದೆ.

ಐಸಿಗಳು ತಮ್ಮ ಜಾಗದಲ್ಲಿ ಭದ್ರವಾಗಿ ಕೂತ ಮೇಲೆ ಬರಿದೇ ಗುಂಡಿ ಒತ್ತುವುದಕ್ಕೆ ಕಂಬಳಿ ಇಳಿಸುವ ಅಗತ್ಯ ಅಷ್ಟಾಗಿ ಇರಲಿಲ್ಲ. ಅವನು ಹೊಸ್ತಿಲಲ್ಲಿ ನಿಂತಾಗಲೇ ಅದು ನನಗೆ ಗೊತ್ತಿತ್ತು, ಹೇಳಬೇಕು ಎಂದು ಬಾಯಿಯನ್ನೂ ತೆರೆದಿದ್ದೆ. ಅಷ್ಟರಲ್ಲಿ ಅವನು ಇಳಿಸಿ ಆಗಿತ್ತು. ಮರುದಿನ ನಸುಕಿನಲ್ಲಿ ಹಿಂಡು ಹೊಡೆದುಕೊಂಡು ಹೊರಟಾಗ ಕಂಬಳಿ ಮತ್ತೆ ಹೆಗಲ ಮೇಲಿತ್ತು. ಅದಾದ ಮೇಲೆ ಅಪ್ಪ ಬಹಳ ವರ್ಷ ಬದುಕಿದ, ಆದರೆ ಆ ಮಾತನ್ನು ನಾನು ಅವನಿಗೆ ಕೊನೆಗೂ ಹೇಳಲಿಲ್ಲ.