ಗಿರಣಿ ನಿಲ್ಲಿಸುವ ಹೊತ್ತು

ನನ್ನ ಸೋದರಮಾವನ ಹುಬ್ಬಿನಲ್ಲಿ ಸದಾ ರಾಗಿಹಿಟ್ಟು ಕೂತಿರುತ್ತಿತ್ತು. ಸೊಂಟದಲ್ಲಿ ವಾಕಿಟಾಕಿ. ಹುಣಸೂರಿನಲ್ಲಿ ಅವರದು ಹಿಟ್ಟಿನ ಗಿರಣಿ. ಹುಚ್ಚು ಮಾತ್ರ ಹ್ಯಾಮ್ ರೇಡಿಯೋದ್ದು, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿಗಳು ಊರಿಂದೂರಿಗೆ ತಂತಿಯಿಲ್ಲದೆ ಮಾತಾಡುವ ಸೆಟ್ಟಿನದು. ಕೂತಲ್ಲಿ ಕೂರುವ ಜೀವವೇ ಅಲ್ಲ. ಊಟಕ್ಕೆ ಕೂತರೂ ಎಡಗೈ ಬೆರಳು ತೊಡೆಯ ಮೇಲೆ ಟಕ್ ಟಕ್ ಎಂದು ರೇಡಿಯೋದ ಮೋರ್ಸ್ ಸಂಕೇತ ಕುಟ್ಟುತ್ತಿತ್ತು. "ಅನ್ನಕ್ಕಾದ್ರೂ ಮರ್ವಾದೆ ಕೊಡಿ" ಎಂದು ಅತ್ತೆ ಗದರಿದರೆ ಒಂದು ಗಳಿಗೆ ನಿಲ್ಲುತ್ತಿತ್ತು, ಅಷ್ಟೆ.

ಗಿರಣಿಯ ಮೋಟಾರು ತಿರುಗಿದರೆ ರೇಡಿಯೋದಲ್ಲಿ ಬರೀ ಗೊರಗೊರ. ಅದಕ್ಕೇ ದಿನಾ ಸಂಜೆ ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಗೆಳೆಯರು ಒಬ್ಬೊಬ್ಬರಾಗಿ "ಇದ್ದೀನಿ" ಎಂದು ಹಾಜರಿ ಹೇಳುವ ಹೊತ್ತಿಗೆ ಮಾವ ಗಿರಣಿ ನಿಲ್ಲಿಸಿಬಿಡುತ್ತಿದ್ದರು. ಅರ್ಧ ಬೀಸಿದ ರಾಗಿ ಹಾಗೇ.

"ಒಲೆ ಮ್ಯಾಲೆ ಎಸ್ರು ಕುದೀತಾ ಅದೆ ಕಣಣ್ಣ! ಇವತ್ತು ಯಾರೂ ಕರಿಯಾಕಿಲ್ಲ, ಬುಡು" ಎಂದು ಹೆಂಗಸರು ರೇಗುತ್ತಿದ್ದರು.

"ಕರದ್ರೆ?" ಎನ್ನುತ್ತಿದ್ದರು ಮಾವ. ಹೆಂಗಸರು ಗೊಣಗುತ್ತಾ ಜಗಲಿಯ ಮೇಲೆ ಕೂರುತ್ತಿದ್ದರು.

ನಾನು ಆಗ ಎಚ್.ಡಿ. ಕೋಟೆಯ ಕಾಡಂಚಿನ ಹಳ್ಳಿಯೊಂದರಲ್ಲಿ ನರ್ಸ್. ಬೆನ್ನು ಹತ್ತಿ ನನ್ನಿಂದಲೂ ಪರೀಕ್ಷೆ ಬರೆಸಿ, ಲೈಸೆನ್ಸ್ ಕೊಡಿಸಿ, ನನ್ನ ಕ್ವಾರ್ಟರ್ಸಿನ ಮೇಲೆ ಬಿದಿರಿನ ಗಳ ನೆಟ್ಟು ಆಂಟೆನಾ ಕಟ್ಟಿದರು. ನಾಲ್ಕು ತಾಲ್ಲೂಕಿನ ಗೆಳೆಯರ ಸೆಟ್ಟುಗಳಿಗೆಲ್ಲ ಚಾನೆಲ್ ತುಂಬಿಸುತ್ತಿದ್ದವರು ಅವರೇ. ಒಂದನೆಯದು ಬೆಟ್ಟದ ಮೇಲಿನ ರಿಪೀಟರಿನದು. ಅದು ನಮ್ಮ ದನಿ ಹಿಡಿದು ದೂರಕ್ಕೆ ದಾಟಿಸುವ ಯಂತ್ರ. ಎರಡನೆಯದು ಯಾರ ಹಂಗೂ ಇಲ್ಲದೆ ನೇರವಾಗಿ ಗಿರಣಿಗೆ. ಮೂರನೆಯದು ಮತ್ತೆ ಬೆಟ್ಟ, ನಾಲ್ಕನೆಯದು ಮತ್ತೆ ಗಿರಣಿ. ಕೊನೆಯವರೆಗೂ ಹೀಗೇ.

"ಎರಡೇ ಚಾನೆಲ್‌ನ ಎಷ್ಟು ಸಲ ತುಂಬುಸ್ತೀರಿ ಮಾವ? ಜಾಗ ದಂಡ" ಎಂದು ನಕ್ಕೆ.

"ಗಾಬ್ರೀಲಿ ನಂಬರ್ ಯಾರು ನೋಡ್ತಾರೆ ಕಣಮ್ಮಿ? ಕೈ ಎಂಗೆ ತಿರುಗುಸುದ್ರೂ ಮನೆ ಸಿಕ್ಬೇಕು."

ಆ ಮಳೆಗಾಲ ಕಾಡಿನ ಬುಡಕಟ್ಟಿನವರ ಹಾಡಿಯ ಹುಡುಗಿಯೊಬ್ಬಳನ್ನು ಹೆರಿಗೆಗೆ ಹೊತ್ತು ತಂದಿದ್ದರು. ಮಗು ಅತ್ತಿತು, ತಾಯಿಯ ರಕ್ತ ಮಾತ್ರ ನಿಲ್ಲಲಿಲ್ಲ. ಟೆಲಿಫೋನ್ ತಂತಿ ಹರಿದಿತ್ತು, ರಸ್ತೆಯ ಮೋರಿಯ ಮೇಲೆ ನೀರು. ಸೆಟ್ಟಿನಲ್ಲಿ ಬೆಟ್ಟವನ್ನು ಕರೆದೆ. ಅದೂ ಸತ್ತು ಕೂತಿತ್ತು. ಸೆಟ್ಟಿನ ಗಾಜಿನೊಳಗೆ ಹಬೆ ಕಟ್ಟಿ ನಂಬರೂ ಕಾಣದು. ಚಾನೆಲ್ ಗುಂಡಿ ತಿರುಗಿಸಿದೆ. ಎಷ್ಟು ತಿರುಗಿತೋ ದೇವರೇ ಬಲ್ಲ. ಉತ್ತರವಿಲ್ಲ. ಇನ್ನೊಂದು ಕಟಕ್.

"ಯೋಳಮ್ಮಿ" ಎಂದರು ಮಾವ.

ನಾನು ಅಳುತ್ತಾ ಏನೇನೋ ಒದರಿದೆ. "ಆಮ್ಯಾಲೆ ಅಳೀವಂತೆ. ಎಲ್ಲಿ, ಯಾರು, ಏನು ಬೇಕು? ಮೂರೇ ಯೋಳು." ಹೇಳಿದೆ. ಅವರು ಕೋಟೆಯ ಆಸ್ಪತ್ರೆಗೆ ಫೋನ್ ಮಾಡಿದರು. ಕಾಡಿನ ದಾರಿಯಲ್ಲಿ ಸುತ್ತಿಕೊಂಡು ಜೀಪು ಬರುವವರೆಗೂ ಆ ದನಿ ನನ್ನನ್ನು ಬಿಡಲಿಲ್ಲ. ತಾಯಿ ಉಳಿದಳು.

ಅದು ಹಾಜರಿಯ ಹೊತ್ತಲ್ಲ, ನಡು ಮಧ್ಯಾಹ್ನದ ಬೀಸುವ ಹೊತ್ತು. ಮಳೆ ಹಿಡಿದಾಗಿನಿಂದ ಮಾವ ಮೋಟಾರನ್ನೇ ಹಾಕಿರಲಿಲ್ಲವಂತೆ, ಬಂದ ರಾಗಿಯನ್ನೆಲ್ಲ ವಾಪಸು ಕಳಿಸಿದ್ದರಂತೆ. ಅತ್ತೆ ಆಮೇಲೆ ಹೇಳಿದರು.

ಮಾವ ಹಾಸಿಗೆ ಹಿಡಿದಾಗ ಗಿರಣಿಗೆ ಬೀಗ ಬಿದ್ದು ಬಹಳ ದಿನವಾಗಿತ್ತು. ನೋಡಿಕೊಳ್ಳಲು ನಾನು ಹುಣಸೂರಿಗೆ ಬಂದಿದ್ದೆ. ಒಂದು ಸಂಜೆ ಕಣ್ಣು ಬಿಟ್ಟು, "ಮೋಟ್ರು ನಿಲ್ಸುದ್ರಾ?" ಎಂದರು. ಅತ್ತೆ ಸೆರಗು ಬಾಯಿಗೊತ್ತಿಕೊಂಡರು.

"ನಿಲ್ಸಿದೀವಿ ಮಾವ" ಎಂದೆ.

"ಅಂಗಾರೆ ಕರಿ."

ಕರೆದೆ. ಪಿರಿಯಾಪಟ್ಟಣ ಇದ್ದೀನಿ ಎಂದಿತು. ಕೆ.ಆರ್. ನಗರ, ಕೋಟೆ, ಎಲ್ಲ ಇದ್ದೀನಿ ಎಂದವು. ಹುಣಸೂರು ಯಾವಾಗಲೂ ಕೊನೆಗೆ. ಸೆಟ್ಟನ್ನು ಅವರ ಬಾಯಿಯ ಬಳಿ ಹಿಡಿದೆ. ತುಟಿ ಅಲುಗಿತು, ದನಿ ಬರಲಿಲ್ಲ. ಬೆರಳು ಮಾತ್ರ ನನ್ನ ಮುಂಗೈಯನ್ನು ಒಂದೇ ಸಮ ಕುಟ್ಟುತ್ತಿತ್ತು. ಆಚೆ ಎಲ್ಲರೂ ಕಾಯುತ್ತಿದ್ದರು.

"ಹುಣಸೂರು ಇದ್ದೀನಿ" ಎಂದು ನಾನೇ ಹೇಳಿದೆ. ಆ ಬೆರಳು ಸುಮ್ಮನಾಯಿತು. ಬೆಳಗಿನ ಹೊತ್ತಿಗೆ ಮಾವ ಇರಲಿಲ್ಲ.

ಈಗ ಸಂಜೆಯಾದರೆ ನನಗೆ ಕೂರಲಾಗುವುದಿಲ್ಲ. ಮಿಕ್ಸಿ, ಫ್ಯಾನು ಎಲ್ಲ ನಿಲ್ಲಿಸಿ ಸೆಟ್ಟಿನ ಮುಂದೆ ನಿಂತಿರುತ್ತೇನೆ. ಮನೆಯವರು ಬೈದುಕೊಳ್ಳುತ್ತಾರೆ.