ಕಣ್ಣು ಮುಚ್ಚಿಸಿ ಹತ್ತಿದ ಬಸ್ಸು

ಕುರುಗೋಡಿನ ಗುಡಿಯಲ್ಲಿ ಬಸವಣ್ಣನ ಎದುರು ನನ್ನನ್ನು ಕಣ್ಣು ಮುಚ್ಚಿಸಿ, ಕೈಮುಗಿಸಿ ನಿಲ್ಲಿಸಿ, ನನ್ನ ತಂದೆ, ಹಸುಗೂಸನ್ನು ಎತ್ತಿಕೊಂಡ ತಾಯಿ ಮತ್ತು ಅಕ್ಕ ಸಿರುಗುಪ್ಪದ ಬಸ್ಸು ಹತ್ತಿ ಹೋದರು. ಆಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಈಗ ನನಗೆ ಮೊಮ್ಮಗಳಿದ್ದಾಳೆ. ಇಷ್ಟು ವರ್ಷಗಳಲ್ಲಿ ಆ ಮೂವರಲ್ಲಿ ಒಬ್ಬರೂ ಅದನ್ನು ತಪ್ಪೆಂದು ಒಪ್ಪಿಕೊಳ್ಳಲಿಲ್ಲ.

ಬಿಟ್ಟುಹೋದದ್ದೇ ತಪ್ಪೆಂದು ನಾನು ಹೇಳುತ್ತಿಲ್ಲ. ಸಿರುಗುಪ್ಪದ ಮನೆಯಲ್ಲಿ ಹೊಸ ತೊಟ್ಟಿಲು ಕಟ್ಟಿದ್ದರು, ತಾಯಿ ಬಾಣಂತಿ, ಕುರುಗೋಡಿನಲ್ಲಿ ಅಜ್ಜಿ ಒಬ್ಬಳೇ ಇದ್ದಳು. ಹೈಸ್ಕೂಲು ಮುಗಿಯುವವರೆಗೂ ಅವಳು ನನ್ನನ್ನು ಚೆನ್ನಾಗಿಯೇ ಸಾಕಿದಳು. ನನ್ನ ದೂರು ಕಣ್ಣು ಮುಚ್ಚಿಸಿದ್ದರ ಬಗ್ಗೆ. ಅಳುವ ಕೂಸಿನ ಕಣ್ಣು ತಪ್ಪಿಸಿ ಹೊರಡುವುದು ನಮ್ಮ ಕಡೆಯ ಮನೆಗಳಲ್ಲಿ ಜಾಣತನವೆನಿಸಿಕೊಂಡಿದೆ. ನಮ್ಮವರು ಅದಕ್ಕೆ ದೇವರನ್ನೂ ಬಳಸಿಕೊಂಡರು. "ನಾ ಅನ್ನೋ ತನಕ ಕಣ್ಣ ತೆರೀಬ್ಯಾಡ" ಎಂದು ಅಕ್ಕ ಹೇಳಿದ್ದಳು. ನಾನು ತೆರೆಯಲಿಲ್ಲ. ಹುಡುಕಿಕೊಂಡು ಬಂದು ತೆರೆಸಿದವಳು ಅಜ್ಜಿ.

ಅಂದಿನಿಂದ ನಾನು ಮಂಗಳಾರತಿಯ ಹೊತ್ತಿನಲ್ಲೂ ಕಣ್ಣು ಮುಚ್ಚುವುದಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿ ಇದನ್ನು ಗಮನಿಸಿ, "ಯಾಕ್ರೀ, ದೇವ್ರು ಎದ್ದು ಓಡಿ ಹೋಗ್ತಾನಂತ ಕಾಯಾಕತ್ತೀರೇನು?" ಎಂದು ನಕ್ಕಿದ್ದಳು. ದೇವರ ಮಾತು ಹಾಗಿರಲಿ, ಅವಳೇ ಹೊರಟುಹೋಗುವಳೆಂಬ ಗುಮಾನಿಯಲ್ಲಿ ನಾನು ಸಂಸಾರ ಮಾಡಿದೆ. ಕಾಯಿಪಲ್ಲೆಗೆ ಹೋದವಳು ತಡಮಾಡಿದರೆ, ಬಂದೊಡನೆ ಯಾವ ಅಂಗಡಿ, ಯಾರು ಸಿಕ್ಕರು ಎಂದು ವಿಚಾರಿಸುತ್ತಿದ್ದೆ. ಮನೆಗೆ ಬಂದವರ ಚಪ್ಪಲಿಗಳು ಬೀದಿಯ ಕಡೆ ಮುಖ ಮಾಡಿದ್ದರೆ, ಅವರು ಆಗಲೇ ಹೊರಡುವ ಸಂಚು ಹೂಡಿದ್ದಾರೆಂದು ತಿಳಿಯುತ್ತಿದ್ದೆ.

ನಿದ್ದೆ ಕೆಟ್ಟು, ಬಿ.ಪಿ. ಏರಿದಾಗ ಮಗಳ ಒತ್ತಾಯಕ್ಕೆ ನಾವಿರುವ ಬಳ್ಳಾರಿಯಲ್ಲೇ ಒಬ್ಬ ಮನೋವೈದ್ಯೆಯನ್ನು ಕಂಡೆ. ಚಿಕ್ಕಂದಿನಲ್ಲಿ ನಮ್ಮವರ ಮಾತನ್ನು ಎಷ್ಟು ನಂಬಲು ಸಾಧ್ಯವಾಯಿತು ಎಂಬುದು ದೊಡ್ಡವರಾದ ಮೇಲೆ ನಾವು ಇನ್ನೊಬ್ಬರನ್ನು ಹಚ್ಚಿಕೊಳ್ಳುವ ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ, ಮನಸ್ಸಿನ ನೆಮ್ಮದಿಗೂ ಅದಕ್ಕೂ ನಂಟಿದೆ, ಆದರೆ ಆ ಬಗೆ ಬದಲಾಗಬಹುದು ಎಂದರು. ಮಾತು ಸರಿಯೆನಿಸಿತು. ಆದರೆ ನಡುವೆ ಅವರು ಗಡಿಯಾರ ನೋಡಿದ್ದು ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ.

ಇತ್ತೀಚೆಗೆ ಮಗಳಿಗೆ ಸಿರುಗುಪ್ಪದ ಶಾಲೆಗೆ ವರ್ಗವಾಯಿತು. ಅಲ್ಲಿ ಮನೆ ಸಿಗುವವರೆಗೆ ನಾಲ್ಕು ವರ್ಷದ ಮೊಮ್ಮಗಳು ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಮನೆಯಲ್ಲಿರಬೇಕು, ತಾಯಿ ಶನಿವಾರಕ್ಕೊಮ್ಮೆ ಬರಬೇಕು ಎಂದಾಯಿತು. ಮೊದಲ ಸೋಮವಾರ ಮಗಳು ಬ್ಯಾಗು ಹಿಡಿದು ನಿಂತಳು. ಅಕ್ಕ ನಮ್ಮಲ್ಲಿಗೆ ಬಂದಿದ್ದಳು.

"ಲೇ ತಮ್ಮಾ, ಕೂಸಿನ್ನ ದೇವ್ರ ಮನಿಗೆ ಕರ್ಕೊಂಡು ಹೋಗಿ ಕಣ್ಣ ಮುಚ್ಚಿಸು. ಅಷ್ಟ್ರಾಗ ಈಕಿ ಆಟೋ ಹತ್ತಿಬಿಡ್ಲಿ" ಎಂದಳು. ನಗುತ್ತಲೇ ಮುಂದುವರಿಸಿದಳು: "ನಿನಗ ಮಾಡಿದ್ವಲ್ಲ, ಹಂಗ. ಏನಾತು ನಿನಗ? ಗುಂಡುಕಲ್ಲಿನಂಗ ಅದಿ!"

ಮಗಳು ನನ್ನತ್ತ ನೋಡಿದಳು. "ಅಪ್ಪಾ, ಈಕಿ ಅತ್ತರ ನನಗ ಹೋಗಾಕ ಕಾಲ ಬರಂಗಿಲ್ಲ" ಎಂದಳು. ಅವಳೂ ಆ ಸಂಚಿಗೆ ಒಪ್ಪಿದ್ದಳು.

ನಾನು ಮಗುವನ್ನು ಎತ್ತಿಕೊಂಡು ಗೇಟಿಗೆ ನಡೆದೆ. "ನಿಮ್ಮಮ್ಮ ಈಗ ಸಿರುಗುಪ್ಪಕ್ಕ ಹೊಂಟಾಳ. ಶನಿವಾರ ಬರ್ತಾಳ. ಕಣ್ಣ ಬಿಟ್ಟು ನೋಡು" ಎಂದೆ. ಅವಳು ಕಿರುಚಿ ಅತ್ತಳು, ನನ್ನ ಭುಜ ಕಚ್ಚಿದಳು. ಅಕ್ಕಪಕ್ಕದವರು ಹೊರಗೆ ಬಂದರು.

"ಕಲ್ಲು ಮನಸಿನವ ನೀ. ಸುಮ್ಸುಮ್ನ ಕೂಸಿನ್ನ ಅಳಿಸಿದಿ" ಎಂದು ಅಕ್ಕ ಅವರೆಲ್ಲರ ಎದುರಿಗೆ ಹೇಳಿದಳು. ಅದನ್ನೂ ನಾನು ಮರೆತಿಲ್ಲ.

ಶನಿವಾರ ಬಂತು. ಬಸ್ಸು ತಡವಾಯಿತು, ಮಗಳು ಫೋನು ಎತ್ತಲಿಲ್ಲ. ಬರಲಾರದ್ದಕ್ಕೆ ನೆಪ ಹುಡುಕುತ್ತಿದ್ದಾಳೆ, ನನ್ನನ್ನು ಸುಳ್ಳುಗಾರನನ್ನಾಗಿ ಮಾಡುತ್ತಾಳೆ ಎಂದುಕೊಂಡು ಗೇಟಿನ ಬಳಿಯೇ ನಿಂತಿದ್ದೆ. ಮೊಮ್ಮಗಳು ಪಡಸಾಲೆಯಲ್ಲಿ ಡಬ್ಬಿಯ ಮುಚ್ಚಳಗಳನ್ನು ಹರಡಿಕೊಂಡು ಅಡುಗೆಯಾಟ ಆಡುತ್ತಿದ್ದಳು. ತಲೆಯೆತ್ತಿ, "ತಾತಾ, ಅಮ್ಮ ಬರ್ತಾಳಂತ ನೀನ ಹೇಳಿದ್ದಿ. ಮತ್ತ ಯಾಕ ಬಿಸಿಲಾಗ ನಿಂತಿ?" ಎಂದು ಕೇಳಿದಳು.

ಮಗಳು ಬಂದಳು. ಮುಂದಿನ ಸೋಮವಾರವೂ ಮಗು ಅತ್ತಿತು. ಆದರೆ ಆಟೋ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ, ಒಳಗೆ ಬಂದು ಉಪ್ಪಿಟ್ಟು ಕೇಳಿತು. ಈಗ ಸಂಜೆ ದೀಪ ಹಚ್ಚಿದಾಗ ಅವಳು ಬಿಗಿಯಾಗಿ ಕಣ್ಣು ಮುಚ್ಚಿ ಕೈಮುಗಿಯುತ್ತಾಳೆ. ಪಕ್ಕದಲ್ಲಿ ಕಣ್ಣು ತೆರೆದುಕೊಂಡು ನಿಂತಿರುವವನು ನಾನು.

ಅಕ್ಕಾ, ತಂದೆತಾಯಿಯನ್ನು ಇನ್ನು ಕೇಳಲಾಗದು, ಉಳಿದಿರುವವಳು ನೀನೊಬ್ಬಳೇ. ಆ ದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ನಿನಗೆ ಸಿಕ್ಕಿತ್ತೆಂದು ನೀನೇ ಹಲವು ಸಲ ಹೇಳಿದ್ದೀಯೆ. ಗುಡಿಯ ಕಡೆಗೆ ಒಮ್ಮೆಯಾದರೂ ತಿರುಗಿ ನೋಡಿದೆಯಾ?