ಒಂದೇ ಗುಳಿಗೆ, ಎರಡು ಹೆಸರು

ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಕಮಲಾಪುರದ ದವಾಖಾನೆಯ ಒಳಕೋಣೆಯಲ್ಲಿ ಡಾಕ್ಟರು, ನನ್ನ ಹೆಂಡತಿ ಮತ್ತು ನಾನು. ಹೆಂಡತಿಯ ಎಡಗೈಗೆ ಪಟ್ಟಿ ಹಾಕಿತ್ತು. ನಾನು ಗುಳಿಗೆಯ ಎರಡು ಸ್ಟ್ರಿಪ್‌ಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ.

ಆ ಊರಿನ ಶಾಲೆಯಲ್ಲಿ ನಾನು ಡ್ರಿಲ್ ಮಾಸ್ತರನಾಗಿದ್ದೆ. ನಿವೃತ್ತನಾಗಿ ಕಲಬುರಗಿಯ ಸೇಡಂ ರಸ್ತೆಯಲ್ಲಿ ಮನೆ ಮಾಡಿದ ಮೇಲೂ ಡಾಕ್ಟರನ್ನು ಬದಲಿಸಲಿಲ್ಲ. ಸುತ್ತ ಎಷ್ಟೋ ಆಸ್ಪತ್ರೆಗಳಿದ್ದರೂ ಬಸ್ ಹತ್ತಿ ಇವರಲ್ಲಿಗೇ ಬರುತ್ತಿದ್ದೆವು. ಬಿಪಿ ಇದ್ದ ಪಕ್ಕದ ಮನೆಯ ಭಾಭಿಯನ್ನೂ ಕರೆತಂದು ತೋರಿಸಿದ್ದೆ. ಅಗ್ಗದ ಔಷಧಿ ಸಾಕಾಗುವಲ್ಲಿ ಇವರು ತುಟ್ಟಿಯದನ್ನು ಬರೆದವರಲ್ಲ. ಹೆಂಡತಿಗೆ ಬಿಪಿ ಶುರುವಾದಾಗ ಇವರು ಹಾಕಿಕೊಟ್ಟ ನಿಯಮ ಒಂದೇ: ತಾವು ಹೇಳುವ ತನಕ ಯಾವ ಗುಳಿಗೆಯನ್ನೂ ನಿಲ್ಲಿಸಬಾರದು. ನನಗೆ ನಿಯಮವೆಂದರೆ ನಿಯಮ. ಪ್ರತಿ ಭಾನುವಾರ ಸಂಜೆ ವಾರದ ಡಬ್ಬಿ ತುಂಬುವ ಕೆಲಸ ನನ್ನದು.

ಕಳೆದ ಸಲ ಇವರು ಹೊಸ ಗುಳಿಗೆ ಬರೆದರು. ಹಳೆಯದನ್ನು ಬಿಡಿ ಎನ್ನಲಿಲ್ಲ. ಹೊಸದರ ಬೆಲೆ ಮೂರು ಪಟ್ಟು. ದವಾಖಾನೆಗೆ ಹತ್ತಿಕೊಂಡ ಇವರ ಅಳಿಯನ ಅಂಗಡಿ ಬಿಟ್ಟರೆ ಬೇರೆಲ್ಲೂ ಸಿಗಲಿಲ್ಲ. ಬಿಪಿ ಏರಿರಬೇಕು ಎಂದುಕೊಂಡು ಎರಡನ್ನೂ ಡಬ್ಬಿಗೆ ಹಾಕಿದೆ. ಆ ವಾರವೇ ಆಕೆ ಬಚ್ಚಲಲ್ಲಿ ತಲೆ ತಿರುಗಿ ಬಿದ್ದಳು. ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿದ ಡಾಕ್ಟರಮ್ಮ ಎರಡೂ ಸ್ಟ್ರಿಪ್ ತಿರುಗಿಸಿ ನೋಡಿದರು. ಔಷಧಿ ಒಂದೇ, ಕಂಪನಿ ಬೇರೆ, ದುಪ್ಪಟ್ಟು ತಿಂದಿದ್ದಾರೆ ಎಂದರು.

ಅದನ್ನೇ ಈಗ ನಮ್ಮ ಡಾಕ್ಟರಿಗೆ ಹೇಳಿದೆ. ಸ್ಟ್ರಿಪ್‌ಗಳನ್ನು ಇವರು ಮುಟ್ಟಲೂ ಇಲ್ಲ.

"ಎರಡೂ ಯಾಕ ಕೊಟ್ರಿ ಮಾಸ್ತರ್ರ? ಹಳೀದು ಬಿಡಬೇಕಿತ್ತಲ್ಲ."

"ನಾ ಹೇಳೋತನಕ ಬಿಡಬ್ಯಾಡ್ರಿ ಅಂದವ್ರು ನೀವೇರಿ."

ಡಾಕ್ಟರು ನಕ್ಕು ಆಕೆಯ ಕಡೆ ತಿರುಗಿದರು. "ನೋಡ್ರಿ ಅಕ್ಕಾರ, ಮಾಸ್ತರ್ರದು ಸಾವಧಾನ್, ವಿಶ್ರಾಮ್ ಇನ್ನಾ ಮುಗದಿಲ್ಲ."

ಬಸ್ಸಿನಲ್ಲಿ ಬರುವಾಗ, ಡಾಕ್ಟರು ಏನೋ ನೋಡಿಯೇ ಬರೆದಿರುತ್ತಾರೆ ಎಂದು ಇವರ ಪರವಾಗಿ ನನ್ನೊಡನೆ ವಾದಿಸಿದ್ದವಳು ಆಕೆ. ಈಗ ನಗಲಿಲ್ಲ.

"ಹಳೀದು ನನಗ ನಾಟ್ತಿರಲಿಲ್ಲೇನ್ರಿ?"

"ನಾಟ್ತಿತ್ತು."

"ಮತ್ತ ಯಾಕ ಬದಲಿ ಮಾಡಿದ್ರಿ?"

ಡಾಕ್ಟರು ಕಿಟಕಿಯ ಕಡೆ ನೋಡಿದರು. "ಅಂಗಡಿ ನಡೀಬೇಕಲ್ರಿ ಅಕ್ಕಾರ. ನಿಮಗೊಬ್ಬರಿಗೇ ಅಲ್ಲ, ಎಲ್ಲಾರಿಗೂ ಅದನ್ನೇ ಬರದೀನಿ."

ಎಲ್ಲರಿಗೂ ಎಂದಾಗ ನನಗೆ ಭಾಭಿಯ ನೆನಪಾಯಿತು. ಸ್ಟ್ರಿಪ್‌ಗಳನ್ನು ಜೇಬಿಗೆ ಹಾಕಿಕೊಂಡೆ. ಹೊರಡುವಾಗ ಪ್ರತಿ ಸಲ, ಮುಂದೆ ಯಾವಾಗ ಬರಲಿ ಎಂದು ಕೇಳುವುದು ನನ್ನ ರೂಢಿ. ಕೇಳಲಿಲ್ಲ. ಹೆಂಡತಿ ನನಗಿಂತ ಮೊದಲೇ ಹೊರಗೆ ನಡೆದಿದ್ದಳು. ಬಸ್ಸು ಮಹಾಗಾಂವ ದಾಟಿದ ಮೇಲೆ ಆಕೆ, ನಮ್ಮವರು ಅಂತ ಇಷ್ಟು ದೂರ ಬರುತ್ತಿದ್ದೆವು ಎಂದಷ್ಟೇ ಅಂದಳು.

ಮನೆಗೆ ಬಂದು ಆಕೆಯನ್ನು ಮಲಗಿಸಿ ಭಾಭಿಯ ಬಾಗಿಲು ತಟ್ಟಿದೆ. ಅವರೂ ಹೊಸದನ್ನು ಬರೆಸಿಕೊಂಡು ಬಂದು ಎರಡನ್ನೂ ನುಂಗುತ್ತಿದ್ದರು. ನಾಲ್ಕು ದಿನದಿಂದ ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತಿದೆಯಂತೆ.

"ಡಾಕ್ಟರ್ ಹೇಳೋತನಕ ಏನೂ ಬಿಡಬ್ಯಾಡ್ರಿ ಅಂತ ನೀವೇ ಹೇಳಿದ್ರಲ್ಲ, ಭಾಯಿಸಾಬ್?"

ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಅದೇ ಡಾಕ್ಟರಮ್ಮನಲ್ಲಿಗೆ ಹೋದೆ. ಬಿಪಿ ನೋಡಿ, ಹಳೆಯದೊಂದೇ ಸಾಕು ಎಂದರು. ಮರಳಿ ಬಂದು, ಹಿಂದೆ ನಾನೇ ತಂದುಕೊಟ್ಟಿದ್ದ ಡಬ್ಬಿಯನ್ನು ಭಾಭಿಯಿಂದ ಕೇಳಿ ಪಡೆದೆ. ಒಂದೊಂದು ಖಾನೆಯಿಂದಲೂ ಹೊಸ ಗುಳಿಗೆ ಆರಿಸಿ ತೆಗೆದು, ಮುಚ್ಚಳ ಹಾಕಿ ಅವರ ಕೈಗೆ ಕೊಟ್ಟೆ.